ಎದೆಬಡಿತದ ದೂರು, ಹೇಳದೆ ಉಳಿದ ಗಾಂಜಾ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಇಪ್ಪತ್ತೈದು ದಾಟಿದ ಯುವಕರೊಬ್ಬರು ತಮಗೆ ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಮುತ್ತುವ ತೀವ್ರ ಆತಂಕ) ಆಗುತ್ತಿದೆ ಎಂದು ತಾವೇ ತೀರ್ಮಾನಿಸಿಕೊಂಡು ಆಪ್ತಸಲಹೆಗೆ ನನ್ನ ಬಳಿ ಬಂದರು. ರಾತ್ರಿ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಈಚೆಗೆ ಎದೆಯ ನಡುವೆ ಬಿಗಿ ಹಿಡಿದಂತಾಗುತ್ತದೆ ಎಂದರು. ಮಾತನಾಡುತ್ತಿದ್ದಷ್ಟು ಹೊತ್ತೂ ಅವರ ಬಲಗೈಯ ಎರಡು ಬೆರಳುಗಳು ಎಡಗೈಯ ನಾಡಿಯ ಮೇಲೆಯೇ ಇದ್ದವು. ನಿದ್ದೆಯ ಬಗ್ಗೆ ವಿಚಾರಿಸಿದಾಗ ಗಾಂಜಾದ ವಿಷಯ ಹೊರಬಂತು. ನಿದ್ದೆ ಬರಲೆಂದು ದಿನವೂ ತಂಬಾಕಿನೊಂದಿಗೆ ಬೆರೆಸಿ ಸೇದುತ್ತಿದ್ದರು. ಎದೆ ಹೊಡೆದುಕೊಂಡಾಗ ಮನಸ್ಸು ಶಾಂತವಾಗಲೆಂದು ಮತ್ತೊಮ್ಮೆ ಸೇದುತ್ತಿದ್ದರು. ಹಿಂದೆ ನೋಡಿದ್ದ ವೈದ್ಯರಿಗೆ ಇದನ್ನು ಅವರು ಹೇಳಿರಲಿಲ್ಲ.

ಶಮನಕ್ಕೆಂದು ಸೇದುತ್ತಿದ್ದುದೇ ಬಡಿತವನ್ನು ಏರಿಸುತ್ತಿರಬಹುದು ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಯಿತು. ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಅಂಶವು ಸೇದಿದ ಕೆಲವೇ ನಿಮಿಷಗಳಲ್ಲಿ ಹೃದಯ ಬಡಿತವನ್ನು ಗಮನಾರ್ಹವಾಗಿ ಹೆಚ್ಚಿಸುತ್ತದೆ. ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುವ ಆ ಹೊತ್ತಿನಲ್ಲೇ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತವು ಆಮ್ಲಜನಕವನ್ನು ಹೊತ್ತೊಯ್ಯುವ ಸಾಮರ್ಥ್ಯವನ್ನು ಕುಗ್ಗಿಸುತ್ತದೆ. ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವುದೂ ಉಂಟು. ಅಮೆರಿಕದಲ್ಲಿ ಸುಮಾರು 4.3 ಲಕ್ಷ ವಯಸ್ಕರ ಸಮೀಕ್ಷೆಯನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಗಾಂಜಾ ಬಳಸುವವರಲ್ಲಿ ಬಳಸದವರಿಗಿಂತ ಹೃದಯಾಘಾತದ ಸಂಭವ ಶೇ. 25ರಷ್ಟು, ಪಾರ್ಶ್ವವಾಯುವಿನ ಸಂಭವ ಶೇ. 42ರಷ್ಟು ಹೆಚ್ಚಾಗಿ ಕಂಡುಬಂದಿತ್ತು. ಸಮೀಕ್ಷೆಯಿಂದ ಸಂಬಂಧವಷ್ಟೇ ತಿಳಿಯುತ್ತದೆ, ಕಾರಣ ಸಾಬೀತಾಗುವುದಿಲ್ಲ ಎಂಬುದನ್ನೂ ನಾನು ಅವರಿಗೆ ಹೇಳಿದೆ. ಹೆದರಿಸಿ ಬಿಡಿಸಿದ ಚಟ ಬಹುಕಾಲ ದೂರ ಉಳಿಯುವುದಿಲ್ಲ.

ನಾನು ಕೊಟ್ಟ ಮೊದಲ ಸಲಹೆ ಚಟಕ್ಕೆ ಸಂಬಂಧಿಸಿದ್ದಲ್ಲ. ಎದೆಬಿಗಿತವನ್ನು ಮನಸ್ಸಿನ ಲೆಕ್ಕಕ್ಕೆ ಬರೆಯುವ ಮೊದಲು ಅಂದೇ ವೈದ್ಯರನ್ನು ಕಂಡು ಇ.ಸಿ.ಜಿ. ಮಾಡಿಸಬೇಕು, ಗಾಂಜಾ ಮತ್ತು ತಂಬಾಕಿನ ಬಳಕೆಯನ್ನು ಪ್ರಮಾಣ ಸಹಿತ ಮುಚ್ಚಿಡದೆ ತಿಳಿಸಬೇಕು ಎಂದೆ. ವಯಸ್ಸು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಇಂತಹ ದೂರನ್ನು ಆತಂಕವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ನೋವು ತೋಳಿಗೋ ದವಡೆಗೋ ಹರಿದರೆ, ಉಸಿರು ಕಟ್ಟಿದರೆ, ಪ್ರಜ್ಞೆ ತಪ್ಪಿದರೆ ಅಥವಾ ಮಾತು ತೊದಲಿ ಒಂದು ಬದಿಯ ಕೈಕಾಲು ಸೋತರೆ ನನಗಾಗಿ ಕಾಯದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕೆಂದು ಬರೆದುಕೊಟ್ಟೆ. "ಮನೆಯವರಿಗೆ ಗೊತ್ತಾಗುತ್ತದಲ್ಲ ಸರ್" ಎಂಬ ಅಳುಕು ಅವರಲ್ಲಿ ದೊಡ್ಡದಾಗಿತ್ತು. ವೈದ್ಯರಲ್ಲಿ ಏನು ಹೇಳಬೇಕು, ಮನೆಯಲ್ಲಿ ಯಾರಿಗೆ ಮೊದಲು ತಿಳಿಸಬೇಕು ಎಂಬುದನ್ನು ಆ ಭೇಟಿಯಲ್ಲಿಯೇ ಇಬ್ಬರೂ ಕೂತು ನಿರ್ಧರಿಸಿದೆವು. ಅವರು ಅಕ್ಕನನ್ನು ಆರಿಸಿಕೊಂಡರು.

ಬಿಟ್ಟ ಮೊದಲ ವಾರದಲ್ಲಿ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು ತೀವ್ರವಾಗಿರುತ್ತದೆ, ಸಾಮಾನ್ಯವಾಗಿ ಎರಡು ವಾರಗಳಲ್ಲಿ ಬಹುಪಾಲು ತಗ್ಗುತ್ತದೆ ಎಂದು ಮುಂಚಿತವಾಗಿ ತಿಳಿಸಿದ್ದರಿಂದ, ನಿದ್ದೆ ಕೆಟ್ಟ ರಾತ್ರಿಗಳನ್ನು ಅವರು ಸೋಲೆಂದು ಭಾವಿಸಲಿಲ್ಲ. ಗಾಂಜಾ ಬಿಟ್ಟು ಸಿಗರೇಟು ಹೆಚ್ಚಿಸಿದರೆ ಹೃದಯಕ್ಕೆ ಲಾಭವಿಲ್ಲವೆಂದು ಎರಡನ್ನೂ ಒಟ್ಟಿಗೆ ಬಿಡುವ ಯೋಜನೆ ಮಾಡಿದೆವು.

ಇ.ಸಿ.ಜಿ.ಯಲ್ಲಿ ದೋಷ ಕಾಣಲಿಲ್ಲ. ಆದರೂ ವೈದ್ಯರು ಮುಂದಿನ ತಪಾಸಣೆಗೆ ದಿನ ಗೊತ್ತುಪಡಿಸಿದ್ದಾರೆ. ನಡುವೆ ಒಮ್ಮೆ ಗೆಳೆಯರ ಜೊತೆ ಸೇದಿದ್ದನ್ನು ಅವರೇ ಬಂದು ಹೇಳಿದರು. ಆ ಸಂಜೆ ಏನು ನಡೆಯಿತು, ಯಾವ ಕ್ಷಣದಲ್ಲಿ ಎದ್ದು ಬರಬಹುದಿತ್ತು ಎಂಬುದರ ಮೇಲೆ ಈಗ ನಮ್ಮ ಮಾತು ಸಾಗಿದೆ.