ಪಕ್ಕದಲ್ಲೇ ಹೊಸ ಸೇತುವೆ ಇತ್ತಲ್ವಾ?

ಮೊನ್ನೆ ಕ್ಯಾಂಟೀನಿನಲ್ಲಿ ನೀವು ಕೇಳಿದಿರಿ: "ಕಾರವಾರದಲ್ಲಿ ಬಿದ್ದಿದ್ದು ಹಳೇ ಸೇತುವೆ. ಪಕ್ಕದಲ್ಲೇ ಹೊಸದು ಇತ್ತಲ್ವಾ? ಇನ್ನೂ ಯಾಕೆ ಅದನ್ನೇ ಹೇಳ್ತೀರಿ?" ಒಂದು ಲೋಟ ಚಹಾದಲ್ಲಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಊರಿನ ಲೆಕ್ಕ ಹೇಳಿಬಿಡುತ್ತೇನೆ. ಕಾಳಿ ನದಿ ಸಮುದ್ರ ಸೇರುವ ಕಡೆ ದಕ್ಷಿಣ ದಡಕ್ಕೆ ಕೋಡಿಬಾಗ, ಕಾರವಾರ ಪೇಟೆ. ಉತ್ತರ ದಡಕ್ಕೆ ಸದಾಶಿವಗಡ. ಅಲ್ಲಿಂದ ಮಾಜಾಳಿ ದಾಟಿದರೆ ಗೋವಾ. ನಮ್ಮ ಮನೆ ಸದಾಶಿವಗಡದ ಕಡೆ. ಡಿಸಿ ಆಫೀಸು, ಕೋರ್ಟು, ಕಾಲೇಜು, ದೊಡ್ಡ ಮೀನು ಮಾರ್ಕೆಟ್ಟು ಎಲ್ಲ ಆಚೆ ದಡ. ಪೇಟೆಯ ಹುಡುಗರಿಗೆ ಕೆಲಸ ಗೋವಾದ ಫ್ಯಾಕ್ಟರಿಗಳಲ್ಲಿ, ಅವರು ಈಚೆ ದಡಕ್ಕೆ ಬರಬೇಕು. ತಲೆಗೆ ಪೆಟ್ಟಾಗಿ ಗೋವಾದ ಬಾಂಬೋಳಿ ಆಸ್ಪತ್ರೆಗೆ ಒಯ್ಯಬೇಕಾದರೂ ಆಂಬುಲೆನ್ಸ್ ಇದೇ ಸೇತುವೆ ಹತ್ತಬೇಕು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬೈಕಿಗೆ ಗೋವಾ ಪೆಟ್ರೋಲು. (ಬರೀ ಪೆಟ್ರೋಲಾ ಅಂತ ನಗಬೇಡಿ.) ಬೆಂಗಳೂರಿನವರು "ನೀವು ಗೋವಾದವರಾ?" ಅಂದರೆ ಸಿಟ್ಟು ಬರುತ್ತದೆ. ಗೋವಾದವರು "ನೀವು ಕರ್ನಾಟಕದವರಲ್ವಾ?" ಅಂದರೂ ಬರುತ್ತದೆ, ಯಾಕೆ ಅಂತ ಗೊತ್ತಿಲ್ಲ.

ಈಗ ನಿಮ್ಮ ಪ್ರಶ್ನೆ. ಹೊಸ ಸೇತುವೆ ಇತ್ತು ನಿಜ. ಆದರೆ ಹಳೇದಕ್ಕೆ ನಿವೃತ್ತಿ ಸಿಕ್ಕಿರಲಿಲ್ಲ. ಹೆದ್ದಾರಿ 66 ನಾಲ್ಕು ಪಥ ಆದಾಗ ಪಕ್ಕದಲ್ಲಿ ಹೊಸದನ್ನು ಕಟ್ಟಿದರು. ಗೋವಾ ಕಡೆ ಹೋಗುವವರಿಗೆ ಹೊಸದು, ಗೋವಾ ಕಡೆಯಿಂದ ಬರುವವರಿಗೆ ಹಳೇದು ಅಂತ ಹಂಚಿದರು. ಅಂದರೆ ನಮ್ಮ ಆಯಿ (ಅಮ್ಮ) ಸಂತೆಗೆ ಹೊರಟರೆ ಹೋಗುವುದು ಹಳೇದರ ಮೇಲೆ, ತಿರುಗಿ ಬರುವುದು ಹೊಸದರ ಮೇಲೆ. 2024ರ ಆಗಸ್ಟ್ 7ರ ನಡುರಾತ್ರಿ, ಒಂದು ಗಂಟೆ ಹೊತ್ತಿಗೆ, ಆ ನಲವತ್ತು ವರ್ಷ ದಾಟಿದ ಸೇತುವೆ ಕುಸಿಯಿತು. ಆಗ ಅದರ ಮೇಲಿದ್ದುದು ಒಂದೇ ಲಾರಿ. ತಮಿಳುನಾಡಿನ ಚಾಲಕ ನೀರಿಗೆ ಬಿದ್ದ ಲಾರಿಯ ಮೇಲೆ ಹತ್ತಿ ನಿಂತಿದ್ದರು. ಪೊಲೀಸರು, ಮೀನುಗಾರರು ದೋಣಿಯಲ್ಲಿ ಹೋಗಿ ಕರೆತಂದರು. ಬೆಳಿಗ್ಗೆ ಒಂಬತ್ತಕ್ಕೆ ಬಿದ್ದಿದ್ದರೆ? ಆಯಿ ಫೋನಿನಲ್ಲಿ ಹೇಳಿದ್ದು ಅಷ್ಟೇ: "ನಿನ್ನೆ ಬಾಂಗಡೆ ತರೋದಕ್ಕೆ ಅದರ ಮೇಲೇ ಹೋಗಿದ್ದೆ."

ಆ ರಾತ್ರಿ ಹೊಸ ಸೇತುವೆಯ ಮೇಲೂ ಓಡಾಟ ನಿಲ್ಲಿಸಿದರು. ಪರೀಕ್ಷೆ ಮಾಡಿ ಆಮೇಲೆ ಬಿಟ್ಟರು. ಸುಮ್ನೆ ಯೋಚಿಸಿ, ಹೊಳೆಯ ಆಚೆ ಕಣ್ಣಿಗೆ ಕಾಣುವ ಊರು, ಆದರೆ ಹೋಗುವ ಹಾಗಿಲ್ಲ.

ಕರಾವಳಿಯಲ್ಲಿ ನಲವತ್ತು ವರ್ಷ ಅಂದರೆ ಏನು ಅಂತ ಒಳನಾಡಿನವರಿಗೆ ಬೇಗ ಅರ್ಥ ಆಗುವುದಿಲ್ಲ. ನಮ್ಮ ಕಡೆ ಯಾವುದಾದರೂ ಹಳೇ ತಾರಸಿ ಮನೆಗೆ ಹೋಗಿ ತಲೆ ಎತ್ತಿ ನೋಡಿ. ಚಾವಣಿಯ ಸಿಮೆಂಟು ಸಿಪ್ಪೆ ಸುಲಿದ ಹಾಗೆ ಬಿದ್ದಿರುತ್ತದೆ, ಒಳಗಿನ ಸರಳು ಕೆಂಪಗೆ ಕಾಣುತ್ತದೆ. ಉಪ್ಪು ಕಾಂಕ್ರೀಟಿನ ಸಣ್ಣ ಸಣ್ಣ ತೂತುಗಳಿಂದ ಒಳಗೆ ಇಳಿಯುತ್ತದೆ. ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಒಳಗಿನಿಂದ ಉಬ್ಬುತ್ತಾ ಸಿಮೆಂಟನ್ನು ಒಡೆಯುತ್ತದೆ. ಮನೆಯಲ್ಲಾದರೆ ಉದುರಿದ ಚೂರು ತಟ್ಟೆಗೇ ಬೀಳುತ್ತದೆ, ಗೊತ್ತಾಗುತ್ತದೆ. ಸೇತುವೆಯ ಹೊಟ್ಟೆಯನ್ನು ಕೆಳಗಿನಿಂದ ನೋಡುವವರು ದೋಣಿಯವರು ಮಾತ್ರ. ಅವರನ್ನು ಕೇಳುವವರು ಯಾರು?

ಪಕ್ಕದ ಪಣಜಿಯಲ್ಲಿ ಮಾಂಡೋವಿ ಸೇತುವೆ 1970ರಲ್ಲಿ ಆಯಿತು, 1986ರ ಜುಲೈನಲ್ಲಿ ಬಿತ್ತು. ಹದಿನಾರೇ ವರ್ಷ. ಅದರ ಕಾಂಕ್ರೀಟಿನ ಒಳಗೆ ಎಳೆದು ಬಿಗಿದ ಕೇಬಲ್‌ಗಳಿಗೆ ತುಕ್ಕು ಹಿಡಿದಿತ್ತು. ಜನ ಮತ್ತೆ ಫೆರಿ ಹತ್ತಿದರು. ಇದೇ ಹೆದ್ದಾರಿಯ ಮೇಲೆ, ಮಹಾರಾಷ್ಟ್ರದ ಮಹಾಡ ಹತ್ತಿರ, 2016ರ ಆಗಸ್ಟ್ 2ರ ರಾತ್ರಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕೊಚ್ಚಿ ಹೋಯಿತು, ಎರಡು ಸರ್ಕಾರಿ ಬಸ್ಸು ಜೊತೆಗೇ ಹೋದವು. ನಮ್ಮಲ್ಲಿ ಮಳೆಗಾಲದ ರಾತ್ರಿ ಬಸ್ಸಿನಲ್ಲಿ ಹೊಳೆ ಬಂದಾಗ ಮಾತು ನಿಲ್ಲುತ್ತದೆ. ಅದು ಭಕ್ತಿಯಲ್ಲ.

"ಇದೆಲ್ಲ ಉಪ್ಪು ನೀರಿನ ಕತೆ, ಬೆಂಗಳೂರಿಗೇನು?" ಅನ್ನಬೇಡಿ. ನಮ್ಮ ಬಸ್ಸು ತುಮಕೂರು ರಸ್ತೆಯಲ್ಲಿ ಬೆಂಗಳೂರು ಸೇರುತ್ತದೆ. ಪೀಣ್ಯ ಮೇಲ್ಸೇತುವೆ 2010ರದ್ದು, ಸುತ್ತ ಹೊಳೆಯೂ ಇಲ್ಲ, ಸಮುದ್ರವೂ ಇಲ್ಲ. 2021ರ ಡಿಸೆಂಬರ್‌ನಲ್ಲಿ 102 ಮತ್ತು 103ನೇ ಕಂಬದ ಹತ್ತಿರ ಒಳಗಿನ ಕೇಬಲ್‌ಗೆ ತುಕ್ಕು ಹಿಡಿದದ್ದು ಕಂಡಿತು. ಕೂಡಲೇ ಮುಚ್ಚಿದರು. ಎಳೆದು ಬಿಗಿದ ಆ ಕೇಬಲ್‌ಗಳೇ ಕಾಂಕ್ರೀಟನ್ನು ಒತ್ತಿ ಹಿಡಿಯುವುದು. ಕೇಬಲ್ ಹಾಯುವ ಕೊಳವೆಯ ಒಳಗೆ ಸಿಮೆಂಟು ಹಾಲು ಪೂರ್ತಿ ತುಂಬದಿದ್ದರೆ ಉಳಿದ ಸಂದಿಯಲ್ಲಿ ನೀರು ಕೂರುತ್ತದೆ. ಮೇಲೆ ಡಾಂಬರು ನುಣ್ಣಗೇ ಇರುತ್ತದೆ.

ಹತ್ತಿರ ಹತ್ತಿರ ಎರಡು ತಿಂಗಳಾದ ಮೇಲೆ ಸಣ್ಣ ಗಾಡಿ ಬಿಟ್ಟರು. ಬಸ್ಸು, ಲಾರಿಗೆ 2024ರ ಜುಲೈ ಕೊನೆಯವರೆಗೂ ಇಲ್ಲ. ಅಷ್ಟೂ ಕಾಲ ದಾಸರಹಳ್ಳಿಯ ಜನ ಬೈದರು. ನಾನೂ ಬೈದೆ. ರಾತ್ರಿಯಿಡೀ ಕೂತು ಬಂದು, ಎಂಟನೇ ಮೈಲಿಯಿಂದ ಗೊರಗುಂಟೆಪಾಳ್ಯಕ್ಕೆ ಇರುವೆ ಹಾಗೆ ಸಾಗಿದರೆ ಯಾರಿಗೆ ಸಿಟ್ಟು ಬರೋದಿಲ್ಲ? ಭಾರಿ ವಾಹನ ಬಿಟ್ಟ ಮೇಲೆ ಹದಿನೈದು ದಿನ ಕಳೆಯುವ ಮೊದಲೇ ನಮ್ಮ ಸೇತುವೆ ಬಿತ್ತು. ಅವತ್ತಿನಿಂದ ಬೈಯಲು ಬಾಯಿ ಬರುತ್ತಿಲ್ಲ. ಕಾಳಿಯ ಮೇಲೂ ಯಾರಾದರೂ ಒಂದು ಅಡ್ಡಗಂಬ ಇಟ್ಟು ಎರಡು ವರ್ಷ ಬೈಸಿಕೊಂಡಿದ್ದರೆ, ಅಲ್ವಾ?

ಅಂದಹಾಗೆ, ದೀಪಾವಳಿಗೆ ಊರಿಗೆ ಬರುತ್ತೇನೆ ಅಂದಿದ್ದಿರಿ. ಪೀಣ್ಯದಲ್ಲಿ ಭಾರಿ ವಾಹನ ಬಿಟ್ಟಾಗ ವಾರಕ್ಕೊಂದು ದಿನ, ಶುಕ್ರವಾರ, ತಪಾಸಣೆಗೆ ಅಂತ ಮೀಸಲಿಟ್ಟರು. ಆ ನಿಯಮ ಈಗಲೂ ಇದ್ದು, ಶುಕ್ರವಾರ ರಾತ್ರಿಯ ಬಸ್ಸಾದರೆ ಮೆಜೆಸ್ಟಿಕ್ಕಿಗೆ ಹೋಗಬೇಡಿ, ಜಾಲಹಳ್ಳಿ ಕ್ರಾಸ್‌ನಲ್ಲಿ ಹತ್ತಿ. ಕೆಳಗಿನ ರಸ್ತೆಯಲ್ಲೇ ಬರುತ್ತದೆ, ತಡವಾಗಿ. ನಾನೂ ಅಲ್ಲೇ ನಿಂತಿರುತ್ತೇನೆ.