ತುಂಬಾ ಫೋಲ್ಡರ್ ಹೆಸರಲ್ಲಿರೋ ಒಂದೇ ಪದನ ಒಟ್ಟಿಗೆ ತೆಗೆಯೋದು ಹೇಗೆ?

ವಿಂಡೋಸ್ 10 ಅಥವಾ 11 ಆದ್ರೆ ಮೈಕ್ರೋಸಾಫ್ಟ್‌ನೋರದ್ದೇ ಪವರ್‌ಟಾಯ್ಸ್ ಅನ್ನೋ ಆ್ಯಪ್ ಇದೆ, ಫ್ರೀ, ಅದನ್ನ ಹಾಕ್ಕೊಂಡು ಫೋಲ್ಡರ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಮಾಡಿದ್ರೆ ಪವರ್‌ರೀನೇಮ್ ಅಂತ ಬರತ್ತೆ, ಅದ್ರಲ್ಲಿ ಮೇಲಿನ ಬಾಕ್ಸಲ್ಲಿ ಬೇಡದ ಪದ ಟೈಪ್ ಮಾಡಿ (ಪಕ್ಕದ ಸ್ಪೇಸ್, ಡ್ಯಾಶ್ ಸಮೇತ, ಇಲ್ಲಾಂದ್ರೆ ಅವು ಹಾಗೇ ಉಳ್ಕೊಳತ್ವೆ), ಕೆಳಗಿನ ಬಾಕ್ಸ್ ಖಾಲಿ ಬಿಡಿ. ಫೈಲ್, ಸಬ್‌ಫೋಲ್ಡರ್ ಬಟನ್‌ಗಳನ್ನ ಆಫ್ ಮಾಡೋದು ಮರೀಬೇಡಿ, ಇಲ್ದಿದ್ರೆ ಒಳಗಿರೋ ಫೈಲ್ ಹೆಸರೂ ಬದಲಾಗತ್ತೆ. ಹೊಸ ಹೆಸರು ಹೇಗಿರತ್ತೆ ಅಂತ ಮೊದ್ಲೇ ಪಕ್ಕದಲ್ಲಿ ತೋರ್ಸತ್ತೆ, ನೋಡ್ಕೊಂಡು ಅಪ್ಲೈ ಒತ್ತಿ. ಎಡವಟ್ಟಾದ್ರೆ ತಕ್ಷಣ ಕಂಟ್ರೋಲ್ ಝಡ್.

ಎಲ್ಲ ಸೆಲೆಕ್ಟ್ ಮಾಡಿ ಎಫ್2 ಒತ್ತೋದು ಇದಕ್ಕೆ ಪ್ರಯೋಜನ ಇಲ್ಲ, ಅದು ಎಲ್ಲಕ್ಕೂ ಒಂದೇ ಹೆಸರಿಟ್ಟು ನಂಬರ್ ಹಾಕತ್ತೆ ಅಷ್ಟೇ. ಮ್ಯಾಕ್‌ನೋರಿಗೆ ಆರಾಮು, ಫೈಂಡರಲ್ಲೇ ರೀನೇಮ್ ಒತ್ತಿ ರಿಪ್ಲೇಸ್ ಟೆಕ್ಸ್ಟ್ ಆರಿಸಿದ್ರೆ ಸಾಕು.