ಪಟಪಟ ಓದ್ತಾಳೆ, ಅರ್ಥ ಮಾತ್ರ ಆಗಲ್ಲ

ಪ್ರಶ್ನೆ: ನನ್ ಮಗಳು ನಾಲ್ಕನೇ ಕ್ಲಾಸು. ಕನ್ನಡ ಪಟಪಟ ಓದ್ತಾಳೆ, ಏನ್ ಓದಿದೆ ಅಂದ್ರೆ ಸುಮ್ನೆ ಮುಖ ನೋಡ್ತಾಳೆ. ಟೀಚರ್ರು ಇನ್ನೂ ಓದಿಸಿ ಅಂತಾರೆ. ಏನ್ ಮಾಡೋದು ಸರ್?
– ಒಬ್ಬ ತಾಯಿ, ಹಿರಿಯೂರು

ಉತ್ತರ: ಬರೀ ಓದಿಸಿದ್ರೆ ಆಗಲ್ಲಮ್ಮ, ವಿಷಯಾನೂ ತಲೇಲಿ ಇರ್ಬೇಕು. 1988ರಲ್ಲಿ ಅಮೆರಿಕದ ರೆಕ್ಟ್, ಲೆಸ್ಲಿ ಅನ್ನೋ ಸಂಶೋಧಕರು ಮಕ್ಳಿಗೆ ಬೇಸ್‌ಬಾಲ್ ಆಟದ ಬರಹ ಕೊಟ್ಟು ನೋಡಿದ್ರು, ಓದೋದ್ರಲ್ಲಿ ಹಿಂದಿದ್ರೂ ಆಟ ಗೊತ್ತಿದ್ದ ಮಕ್ಳೇ, ಚೆನ್ನಾಗಿ ಓದಿದ್ರೂ ಆಟ ಗೊತ್ತಿಲ್ಲದವ್ರಿಗಿಂತ ಜಾಸ್ತಿ ಅರ್ಥ ಮಾಡ್ಕೊಂಡಿದ್ರು.

ನಿಮ್ಗಂತೂ ವಾಣಿವಿಲಾಸ ಸಾಗರ ಡ್ಯಾಮು ಹತ್ರನೇ ಐತೆ. ಎರಡ್ಮೂರು ವಾರ ಅದೊಂದನ್ನೇ ಹಿಡೀರಿ, ಕರ್ಕೊಂಡ್ ಹೋಗಿ ತೋರ್ಸಿ, ವೇದಾವತಿ ನದಿ ಎಲ್ಲಿಂದ ಬರ್ತಾಳೆ, ಎರಡು ಗುಡ್ಡದ ಮಧ್ಯನೇ ಯಾಕೆ ಕಟ್ಟಿದ್ರು, ಕೋಡಿ ಬೀಳೋದು ಅಂದ್ರೇನು, ನಾಲೆ ನೀರು ಯಾರ ತೋಟಕ್ಕೆ ಹೋಗುತ್ತೆ ಅಂತ ಮಾತಾಡಿ, ಆಮೇಲೆ ಮಳೆ, ನದಿ, ಕೆರೆ ಬಗ್ಗೆ ಸಿಕ್ಕಿದ್ದೆಲ್ಲ ಓದಿ, ನೀವು ಓದಿ ಅವ್ಳು ಕೇಳಿಸ್ಕೊಂಡ್ರೂ ನಡೆಯುತ್ತೆ. ಇವತ್ತು ಆನೆ ನಾಳೆ ರಾಕೆಟ್ ಅಂತ ವರ್ಕ್‌ಶೀಟ್ ತುಂಬ್ಸೋದು ನನಗಂತೂ ಸರಿ ಕಾಣಲ್ಲ (ಜೆರಾಕ್ಸ್ ಅಂಗಡಿಯವ್ರಿಗೆ ಲಾಭ ಅಷ್ಟೇ). ಮುಂದಿನ ಪಾಠ ಯಾವ್ದು ಅಂತ ಟೀಚರ್ ಹತ್ರ ಮೊದ್ಲೇ ಕೇಳ್ಕೊಂಡ್ರೆ ಅದ್ರ ವಿಷಯಾನೂ ಮನೇಲೇ ಶುರು ಮಾಡ್ಬೋದು.